ಸೀಟಿ ಊದಿದ ಮೇಲೆ

ಗಿರ್ಮಿಟ್ಟಿಗೆಂದು ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಸಿದ್ದೇಶ್ವರಿಗೆ ಆ ಭಾನುವಾರ ಬೆಳಿಗ್ಗೆ ಮೊದಲು ಸಿಟ್ಟು ಬಂದದ್ದು ಮಗಳ ಮೇಲೆ. ಬರಬೇಕಾದದ್ದು ಮಗಳ ಮೇಲಲ್ಲ ಎಂದು ಆಗಲೇ ಗೊತ್ತಿತ್ತು. ಆದರೆ ಕೈಗೆ ಸಿಕ್ಕವಳು ಅವಳು. ಆರು ವರ್ಷದ ನಮ್ರತಾ ಹಾಲಿನಲ್ಲಿ ಸಿರಿಯಲ್ ಮುಳುಗಿಸುತ್ತ, ಮತ್ತೆ ಚಮಚದಿಂದ ಎತ್ತಿ ನೋಡುತ್ತ, "ಅಮ್ಮಾ, ಇವತ್ತು ಯು ಗೆಟ್ ಫೈವ್ ಫ್ರೀ, ರೈಟ್?" ಎಂದು ಕೇಳಿದಳು.

"ಯಾರ್ ಹೇಳಿದ್ರು?"

"ಅಪ್ಪ. ಗರ್ಲ್ಸ್ ಗೆಟ್ ಫೈವ್ ಅಂತ." ಸ್ವಲ್ಪ ಯೋಚಿಸಿ ಮತ್ತೆ ಕೇಳಿದಳು, "ನಾನು ಬಿಗ್ ಆದ್ರೆ ನಂಗೂ ಕೊಡ್ತಾರಾ?"

ಹುಡುಗಿ ಆಸೆಯಿಂದಲೇ ಕೇಳಿದ್ದಳು, ಹುಟ್ಟುಹಬ್ಬಕ್ಕೆ ಏನು ಕೊಡಿಸುತ್ತೀರಿ ಎಂದು ಕೇಳುವ ಹಾಗೆ. ಸಿದ್ದೇಶ್ವರಿ, "ಬಾಯಿ ಮುಚ್ಚಿ ತಿನ್ನು" ಎಂದು ಗದರಿದಳು. ನಮ್ರತಾ ಬಾಯಿ ಮುಚ್ಚಿಕೊಂಡೇ ತಿನ್ನಲು ಪ್ರಯತ್ನಿಸಿ ನಕ್ಕಳು. ತಾಯಿಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರಿತ್ತು, ಅದಕ್ಕೆ ಉಳ್ಳಾಗಡ್ಡಿಯ ನೆಪವಿತ್ತು. ನಲವತ್ತು ಜನಕ್ಕಾಗುವಷ್ಟು ಗಿರ್ಮಿಟ್ ಕಲಸುವ ಕೆಲಸ ಬಾಕಿಯಿತ್ತು. ಗೊಜ್ಜು ಕುದಿಯಬೇಕು, ಪುಟಾಣಿ ಹಿಟ್ಟು ಬೀಸಬೇಕು, ಚುರುಮುರಿಯನ್ನು ಮಾತ್ರ ಅಲ್ಲಿಗೆ ಹೋದ ಮೇಲೆಯೇ ಬೆರೆಸಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಮೇಲೆ ಸ್ನಾನದ ಮನೆಯಲ್ಲಿ ಗಂಡ ಹಾಡಿಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು. ಮಧ್ಯಾಹ್ನ ಫೈನಲ್ ಆಡಬೇಕಾದವರು ಇಬ್ಬರು, ಅವನು ಮತ್ತು ಅವಳು. ಒಬ್ಬರು ಹಾಡುತ್ತ ಮೀಯುತ್ತಿದ್ದರು, ಒಬ್ಬರು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

ಅಮೆರಿಕದ ಕೆರೊಲಿನಾದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಸುತ್ತಮುತ್ತ ಕೆಲಸಕ್ಕಿದ್ದ ಕನ್ನಡಿಗರು ಕಟ್ಟಿಕೊಂಡ ತ್ರಿಕೋನ ಕನ್ನಡ ಕೂಟಕ್ಕೆ ದಸರಾ ಬಂದರೆ ಆಟಗಳ ಹುಚ್ಚು. ಈ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಗಂಡಸರಿಗೂ ಹೆಂಗಸರಿಗೂ ಸೇರಿ ಒಂದೇ ಟೇಬಲ್ ಟೆನಿಸ್ ಪಂದ್ಯಾವಳಿ, ಏಕೆಂದರೆ ಹೆಸರು ಕೊಟ್ಟ ಹೆಂಗಸರು ಮೂವರೇ. ಹಾಗೆ ಮಾಡಿದರೆ ಹೆಂಗಸರಿಗೆ ಅನ್ಯಾಯವಾಗುತ್ತದಲ್ಲ ಎಂದು ಕೂಟದ ಸಭೆಯಲ್ಲಿ ಎದ್ದು ನಿಂತವನು ಅವಳ ಗಂಡ ಶಶಿಕಾಂತ್. "ನೋಡ್ರಿ, ಇಲ್ಲಿ ಫುಟ್ಬಾಲ್ ಲೀಗಿನ್ಯಾಗ ಏನ್ ಮಾಡ್ತಾರ? ಕಡೀ ನಂಬರ್ ಬಂದ ಟೀಮಿಗೆ ಕಾಲೇಜಿಂದ ಬರೂ ಹೊಸಾ ಪ್ಲೇಯರ್ಸ್‌ನ ಮೊದಲ ಆರಿಸ್ಕೊಳ್ಳಾಕ ಬಿಡ್ತಾರ. ಸಂಬಳಕ್ಕ ಇಂತಿಷ್ಟರ ಮ್ಯಾಲೆ ಯಾವ ಟೀಮೂ ಖರ್ಚ್ ಮಾಡಂಗಿಲ್ಲ. ಸೋತಾವ್ರಿಗೆ ಮುಂದಿನ ವರ್ಷ ಹಗೂರ ಮ್ಯಾಚ್ ಹಾಕ್ತಾರ. ಅದಕ್ಕ ಯಾರ್ ಗೆಲ್ತಾರ ಅಂತ ಯಾರಿಗೂ ಗೊತ್ತಾಗಂಗಿಲ್ಲ, ಜನಾ ಟೀವಿ ಬಿಟ್ಟು ಏಳಂಗಿಲ್ಲ. ನಾವೂ ಹೆಣ್ಮಕ್ಕಳಿಗೆ ಮೊದಲ ಐದು ಪಾಯಿಂಟ್ ಕೊಟ್ಟು ಶುರು ಮಾಡೂಣು." ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಟದ ಅಧ್ಯಕ್ಷರಾದ ಮೈಸೂರಿನ ಸೂರ್ಯನಾರಾಯಣ ಅವರ ಹೆಂಡತಿ ವರಲಕ್ಷ್ಮಿ ಸಿದ್ದೇಶ್ವರಿಯ ತೋಳು ಹಿಂಡಿ, "ಎಷ್ಟ್ ಥಾಟ್‌ಫುಲ್ ರೀ ನಿಮ್ಮನೆಯವ್ರು!" ಎಂದಿದ್ದರು. ಸಿದ್ದೇಶ್ವರಿ ಮುಗುಳ್ನಕ್ಕಿದ್ದಳು. ಆ ಮುಗುಳ್ನಗೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನು ಆಡಿದ್ದರಲ್ಲಿ ಐದು ಪಾಯಿಂಟಿನ ಮಾತೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅವಳೇ ಎರಡು ವರ್ಷ ಅಡುಗೆಮನೆಯಲ್ಲಿ ನಿಂತು ಅವನಿಗೆ ಹೇಳಿದ್ದು. ಅವಳ ತಿಳಿವು ಅವನ ಬಾಯಿಂದ ಹೊರಟು, ಊರೆಲ್ಲ ಸುತ್ತಿ, ಕೊನೆಗೆ ಅವಳಿಗೇ ದಾನವಾಗಿ ಬಂದಿತ್ತು.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕದ ಫುಟ್ಬಾಲ್ ಅವಳದು, ಅವನದಲ್ಲ. ಇಬ್ಬರೂ ಪಿಎಚ್‌ಡಿ ಮಾಡುತ್ತ ವಾಷಿಂಗ್ಟನ್ನಿನ ಪಕ್ಕದ ಕಾಲೇಜ್ ಪಾರ್ಕಿನಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದಾಗ, ಗೋಡೆಯಾಚೆಯ ಮನೆಯವರು ಭಾನುವಾರ ಭಾನುವಾರ ಕೂಗಾಡುತ್ತಿದ್ದದ್ದು ಏನೆಂದು ತಿಳಿಯುವ ಕುತೂಹಲದಿಂದ ಹಳೆಯ ಟೀವಿ ಹಚ್ಚಿ ಕೂತವಳು ಆಮೇಲೆ ಏಳಲಿಲ್ಲ. ಆ ಚಳಿಗಾಲ ವಾಷಿಂಗ್ಟನ್ ತಂಡ ಚಾಂಪಿಯನ್ ಆಯಿತು. ಈಗ ಅದೇ ತಂಡ ಈ ಋತುವಿನಲ್ಲಿ ಇನ್ನೂ ಒಂದು ಪಂದ್ಯವನ್ನೂ ಗೆದ್ದಿಲ್ಲ. ಕೆರೊಲಿನಾ ತಂಡ ಹುಟ್ಟಿದ್ದೇ ಮೊನ್ನೆ ಮೊನ್ನೆ. ಎರಡನೆಯ ವರ್ಷಕ್ಕೇ ಲೀಗಿನ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ನಿಂತಿತು. ಆಗ ಅಟ್ಲಾಂಟಾ ಮೂರೇ ಮೂರು ಗೆದ್ದು ತಲೆ ತಗ್ಗಿಸಿತ್ತು. ಎರಡು ವರ್ಷದಲ್ಲಿ ಎಲ್ಲ ತಿರುಗುಮುರುಗು. ಔಷಧಿ ಕಂಪನಿಯೊಂದರಲ್ಲಿ ಸಂಖ್ಯಾಶಾಸ್ತ್ರಜ್ಞೆಯಾಗಿದ್ದ ಅವಳಿಗೆ ಇದು ಬರೀ ಮೋಜಾಗಿರಲಿಲ್ಲ. ಮದ್ದು ಕೊಟ್ಟ ಗುಂಪು, ಕೊಡದ ಗುಂಪು ಎರಡನ್ನೂ ಮೊದಲು ಸಮ ಮಾಡಿ ಆಮೇಲೆ ಏನಾಗುತ್ತದೆಂದು ನೋಡುವುದು ಅವಳ ಕಸುಬು. ಊಟದ ಬಿಡುವಿನಲ್ಲಿ ಅವಳು ಒಂದೇ ಪ್ರಶ್ನೆ ಹಿಡಿದು ಕೂರುತ್ತಿದ್ದಳು: ಎಲ್ಲ ತಂಡಗಳೂ ನಿಜವಾಗಿ ಸಮಬಲವಾಗಿದ್ದು, ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿ ತೀರ್ಮಾನಿಸಿದ್ದರೆ ಗೆದ್ದವರಿಗೂ ಸೋತವರಿಗೂ ಎಷ್ಟು ಅಂತರ ಇರುತ್ತಿತ್ತು? ಈಗ ಇರುವ ಅಂತರ ಅದಕ್ಕಿಂತ ಎಷ್ಟು ಹೆಚ್ಚು? ವರ್ಷದಿಂದ ವರ್ಷಕ್ಕೆ ಉತ್ತರ ನಾಣ್ಯದ ಕಡೆಗೇ ವಾಲುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಯಾರು ಬಲಶಾಲಿ ಎಂಬುದು ಯಾರಿಗೂ ಖಚಿತವಾಗದಂತೆ ನೋಡಿಕೊಳ್ಳುವ ಒಂದು ಕಚೇರಿ ಎಲ್ಲೋ ಇದೆ, ಅಲ್ಲಿ ಬುದ್ಧಿವಂತರು ಕೂತಿದ್ದಾರೆ ಎಂಬ ವಿಚಾರ ಅವಳಿಗೆ ವಿಚಿತ್ರ ಸಮಾಧಾನ ಕೊಡುತ್ತಿತ್ತು. ಏಕೆಂದರೆ ಅಂಥದೊಂದು ಕಚೇರಿಯನ್ನು ಅವಳು ಎಂಟು ವರ್ಷದಿಂದ ತನ್ನ ಮನೆಯಲ್ಲಿ ಒಬ್ಬಳೇ ನಡೆಸಿಕೊಂಡು ಬಂದಿದ್ದಳು.

ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಅವಳು ಯೂನಿವರ್ಸಿಟಿಯ ಟೇಬಲ್ ಟೆನಿಸ್ ಚಾಂಪಿಯನ್. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆಡುತ್ತಿದ್ದಳು. ಮದುವೆಯಾಗಿ ಕಾಲೇಜ್ ಪಾರ್ಕಿಗೆ ಬಂದ ಮೊದಲ ಚಳಿಗಾಲ, ಕಟ್ಟಡದ ಕೆಳಗಿನ ಆಟದ ಕೋಣೆಯಲ್ಲಿ ಶಶಿಕಾಂತನನ್ನು ಇಪ್ಪತ್ತೊಂದು-ಏಳರಲ್ಲಿ ಸೋಲಿಸಿದಳು. ಅವನೂ ತಕ್ಕಮಟ್ಟಿಗೆ ಆಡುವವನೇ, ಆದರೆ ಅವಳೆದುರು ಆ ದಿನ ಕಂಬದಂತೆ ನಿಂತಿದ್ದ. ಅವನು ಪರೀಕ್ಷೆಯೊಂದರಲ್ಲಿ ಫೇಲಾಗಿದ್ದ ವಾರ ಅದು. ರಾತ್ರಿ ಊಟಕ್ಕೆ ಕೂತವನು ಎರಡನೆಯ ಸಲ ಏನನ್ನೂ ಬಡಿಸಿಕೊಳ್ಳದೆ ಎದ್ದು, ತಾಟು ತೊಳೆದಿಟ್ಟು, ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಅವನ ಬೆನ್ನು ನೋಡುತ್ತ ಅವಳಿಗೆ ಭಯವಾಯಿತು. ಇನ್ನು ಬೇಡ ಎಂದುಕೊಂಡಳು. ಮುಂದಿನ ವಾರ ಬೇಕೆಂದೇ ಬಲಗಡೆಗೆ, ಎದೆಯೆತ್ತರಕ್ಕೆ, ತಿರುವಿಲ್ಲದ ಒಂದು ಚೆಂಡು ಬಿಟ್ಟುಕೊಟ್ಟಳು. ಅವನು ಅದನ್ನು ಬಾರಿಸಿ "ಹಾ!" ಎಂದ. ಎಷ್ಟು ಸುಲಭವಾಗಿತ್ತು! ಅಲ್ಲಿಂದ ಮುಂದೆ ಅವರ ಆಟಗಳೆಲ್ಲ ಇಪ್ಪತ್ತೊಂದು-ಹತ್ತೊಂಬತ್ತು, ಇಪ್ಪತ್ತೆರಡು-ಇಪ್ಪತ್ತು. ನಡುನಡುವೆ ಅವಳೂ ಗೆಲ್ಲುವಳು, ಅನುಮಾನ ಬಾರದಷ್ಟು. ಹತ್ತೊಂಬತ್ತಕ್ಕೆ ಹತ್ತೊಂಬತ್ತಾದಾಗ ಅವನು ಟವೆಲಿನಿಂದ ಮುಖ ಒರೆಸಿಕೊಂಡು "ಈಗೇನ್ ಮಾಡ್ತಿ?" ಎಂದು ನಗುತ್ತಿದ್ದ. ಅವನಿಗೆ ಕೆರೊಲಿನಾದಲ್ಲಿ ಕೆಲಸ ಸಿಕ್ಕಿತು. ಅವಳಿಗೆ ವಾಷಿಂಗ್ಟನ್ನಿನಲ್ಲಿ ಅದಕ್ಕಿಂತ ಒಳ್ಳೆಯದು ಸಿಕ್ಕಿತ್ತು. ಅದನ್ನೂ ಅವಳು ಎದೆಯೆತ್ತರದ ಒಂದು ಚೆಂಡಾಗಿಸಿ ಬಿಟ್ಟುಕೊಟ್ಟಳು. ಯಾರೂ ಕೇಳಿರಲಿಲ್ಲ. ಬಿಟ್ಟುಕೊಟ್ಟೆ ಎಂಬ ಹೆಮ್ಮೆ ಒಳಗಿತ್ತು, ಮನಸ್ಸು ಮಾಡಿದರೆ ಯಾವತ್ತು ಬೇಕಾದರೂ ಇಪ್ಪತ್ತೊಂದು-ಏಳು ಎಂಬ ಧೈರ್ಯವಿತ್ತು. ಬೇಜಾರಾದ ದಿನಗಳಲ್ಲಿ ಆ ಧೈರ್ಯವನ್ನು ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದಳು.

ಕಾರಿನಲ್ಲಿ ಗೊಜ್ಜಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಶಶಿಕಾಂತ್ ಹೊಸ ಟೀ ಶರ್ಟು ಹಾಕಿದ್ದ. "ಕೈ ನಡಗಾಕತ್ತೈತೇನ?" ಎಂದು ಚೇಷ್ಟೆ ಮಾಡಿದ. "ಹೆದರಬ್ಯಾಡ, ಐದು ಪಾಯಿಂಟ್ ಐತಿ." ಹಿಂದಿನಿಂದ ನಮ್ರತಾ, "ಫೈವ್ ಫ್ರೀ! ಫೈವ್ ಫ್ರೀ!" ಎಂದು ರಾಗ ಎಳೆಯತೊಡಗಿದಳು. ಸಿದ್ದೇಶ್ವರಿ ಚಿಕ್ಕವಳಿದ್ದಾಗ ಗದಗಿನ ಓಣಿಯಲ್ಲಿ ಲಗೋರಿಗೆ ಗುಂಪು ಮಾಡುವಾಗ ಹುಡುಗರು ತಮ್ಮ ಸರಿಸಮಾನರೊಡನೆ ಜೋಡಿಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಿನಲ್ಲಿ ಒಬ್ಬ ಹುಲಿ ಒಬ್ಬ ಸಿಂಹ ಎಂದು ಹೆಸರಿಟ್ಟುಕೊಂಡು ಬಂದು, ನಾಯಕರಿಬ್ಬರ ಮುಂದೆ ನಿಂತು "ಹುಲಿ ಬೇಕೋ ಸಿಂಹ ಬೇಕೋ" ಎಂದು ಕೇಳುತ್ತಿದ್ದರು. ಸಮಬಲದವರು ಹೀಗೆ ಎದುರು ಬದುರು ಗುಂಪಿಗೆ ಹಂಚಿಹೋಗುತ್ತಿದ್ದರು. ಅವಳ ಜೋಡಿಯಾಗಿ ಬರಲು ಯಾವ ಹುಡುಗನೂ ಒಪ್ಪುತ್ತಿರಲಿಲ್ಲ. ಹೆಣ್ಣಿನ ಜೋಡಿಯಾದರೆ ಅವನ ಬಲ ಅಷ್ಟೇ ಎಂದಾಗುತ್ತಿತ್ತಲ್ಲ. ಅದಕ್ಕೆ ಅವಳನ್ನು ಎರಡೂ ಕಡೆ ಆಡಿಸುತ್ತಿದ್ದರು. ಚೆಂಡು ಬೆನ್ನಿಗೆ ಬಿದ್ದರೂ "ಇರಲಿ, ಇರಲಿ, ಆಕಿ ಔಟಲ್ಲ" ಎನ್ನುತ್ತಿದ್ದರು. ಒಂದು ಸಂಜೆ ಚೆಂಡು ಬೆನ್ನ ಮೇಲೆ ಚಟೀರನೆ ಬಿದ್ದಾಗ ಅವಳು "ನಾ ಔಟ್" ಎಂದು ಕಿರುಚಿ, ಯಾರು ಕರೆದರೂ ಬಾರದೆ ಗೋಡೆಗೆ ಆತು ಕೂತಿದ್ದಳು. ಬೆನ್ನು ಚುರುಗುಡುತ್ತಿತ್ತು. ಅಷ್ಟು ಖುಷಿ ಅವಳಿಗೆ ಆಮೇಲೆ ಚಾಂಪಿಯನ್ ಆದಾಗಲೂ ಆಗಿರಲಿಲ್ಲ. "ಇಳೀತೀಯೇನ?" ಎಂದ ಶಶಿಕಾಂತ್. ಕಾರು ನಿಂತು ಬಹಳ ಹೊತ್ತಾಗಿತ್ತು.

ಸೂರ್ಯನಾರಾಯಣ ಅವರ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಒಂದು ಕೋಣೆಯಲ್ಲಿ ಟೇಬಲ್ಲು, ಇನ್ನೊಂದರಲ್ಲಿ ಟೀವಿ. ಟೀವಿಯಲ್ಲಿ ಅಟ್ಲಾಂಟಾ-ಕೆರೊಲಿನಾ ಪಂದ್ಯ. ಅದರ ಮುಂದೆ ಸೋಫಾ ತುಂಬ ಹರಡಿಕೊಂಡಿದ್ದವರು ಸೂರ್ಯನಾರಾಯಣ ಅವರ ಭಾವ ಕೇಶವಮೂರ್ತಿ, ದಸರಾಕ್ಕೆಂದು ಮೇರಿಲ್ಯಾಂಡಿನಿಂದ ಬಂದವರು. ವಾಷಿಂಗ್ಟನ್ ತಂಡದ ಸೋಲಿನಿಂದ ನೊಂದಿದ್ದ ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು: "ಇಡೀ ಅಮೆರಿಕಾದಲ್ಲಿ ಸೋಷಲಿಸಂ ಇರೋದು ಇದೊಂದ್ರಲ್ಲೇ ಕಣ್ರೀ. ಟೀವಿ ದುಡ್ಡನ್ನ ಎಲ್ಲಾ ಟೀಮೂ ಸಮ ಹಂಚ್ಕೊತಾರೆ. ಸೋತೋರಿಗೆ ಬಹುಮಾನ, ಗೆದ್ದೋರಿಗೆ ಪನಿಷ್ಮೆಂಟು. ನಮ್ಮ ಟೀಮ್ ಈ ವರ್ಷ ಚೆನ್ನಾಗಿ ಸೋತ್ರೆ ಮುಂದಿನ್ ವರ್ಷ ಫಸ್ಟ್ ಪಿಕ್ ನಮಗೇ, ನೋಡ್ತಿರಿ!" ಸಿದ್ದೇಶ್ವರಿ ಚುರುಮುರಿ ಬೆರೆಸುತ್ತ ಕೇಳಿಸಿಕೊಂಡಳು. ಅದು ಅಷ್ಟು ಸರಳವಲ್ಲ ಎಂದು ಹೇಳಬೇಕೆನಿಸಿತು. ಆದರೆ ಕೈಗೆ ಗೊಜ್ಜು ಮೆತ್ತಿತ್ತು. ಅಷ್ಟರಲ್ಲಿ ಹೋದ ವಾರ ಸೆಮಿಫೈನಲ್ಲಿನಲ್ಲಿ ಅವಳಿಗೆ ಸೋತಿದ್ದ ಅವಿನಾಶ್, ವೀಸಾದ ಮೇಲೆ ಬಂದು ಇನ್ನೂ ವರ್ಷವಾಗದ ಬೆಂಗಳೂರಿನ ಹುಡುಗ, ತಟ್ಟೆ ಹಿಡಿದು ಬಂದು ಹಲ್ಲು ಕಿರಿದ. "ಆಂಟಿ, ಆ ಫೈವ್ ಪಾಯಿಂಟ್ಸ್ ಇಲ್ದಿದ್ರೆ ನಾನೇ ಫೈನಲ್ ಆಡ್ತಿದ್ದೆ ಇವತ್ತು." ಮೂವತ್ತನಾಲ್ಕಕ್ಕೇ ಆಂಟಿಯಾದದ್ದು ಒಂದು ಕಡೆಗಿರಲಿ, ಅವನು ಹೇಳಿದ್ದು ನಿಜವಾಗಿತ್ತು. ಇಪ್ಪತ್ತೊಂದು-ಹದಿನೆಂಟು, ಐದು ಕಳೆದರೆ ಗೆದ್ದವನು ಅವನು. ಪೂರ್ತಿ ಆಡಿರಲಿಲ್ಲ, ಆಡಿದ್ದರೆ ಬೇರೆಯಾಗುತ್ತಿತ್ತು ಎಂದು ತನಗೆ ತಾನು ಹೇಳಿಕೊಂಡಿದ್ದಳು. ಈಗ ಅವನ ನಗುವಿನೆದುರು ನಿಂತಾಗ, ಹೋದ ವಾರ ತಾನು ಪೂರ್ತಿ ಆಡಲಿಲ್ಲವೋ ಅಥವಾ ಆಡಿಯೂ ಅಷ್ಟೇ ಆಯಿತೋ ಎಂಬುದು ನೆನಪಾಗಲೊಲ್ಲದು.

ಟೇಬಲ್ಲಿನ ಪಕ್ಕದಲ್ಲಿ ಸೂರ್ಯನಾರಾಯಣ ಅಂಕ ತೋರಿಸುವ ರಟ್ಟುಗಳನ್ನು ಹಿಡಿದು ನಿಂತಿದ್ದರು. ಅವಳ ಕಡೆಗೆ ಆಗಲೇ ಐದು ತಿರುವಿಟ್ಟಿದ್ದರು, ಅವನ ಕಡೆಗೆ ಸೊನ್ನೆ. ಸುತ್ತ ಕುರ್ಚಿಗಳಲ್ಲಿ ಹೆಂಗಸರು, ಮಕ್ಕಳು. ಮುಂದಿನ ಸಾಲಿನಲ್ಲಿ ನಮ್ರತಾ ಕಾಲು ಆಡಿಸುತ್ತ ಕೂತಿದ್ದಳು. ಅವಳ ಕಣ್ಣು ಆ ಐದರ ಮೇಲಿತ್ತು.

"ನನಗ ಐದು ಪಾಯಿಂಟ್ ಬ್ಯಾಡ್ರಿ," ಎಂದಳು ಸಿದ್ದೇಶ್ವರಿ.

"ಯಾಕಮ್ಮಾ? ರೂಲ್ ಇದ್ಯಲ್ಲ."

"ಅಯ್ಯೋ ತಗೊಳ್ರೀ," ಎಂದರು ವರಲಕ್ಷ್ಮಿ. "ಫ್ರೀಯಾಗಿ ಬರೋದನ್ನ ಯಾರಾದ್ರೂ ಬಿಡ್ತಾರಾ?"

"ಹೋದ ವಾರ ತಗೊಂಡಿದ್ರಲ್ಲ ಆಂಟಿ," ಎಂದ ಅವಿನಾಶ್. ಕೆಲವರು ನಕ್ಕರು. ಅವಳ ಕಿವಿ ಬಿಸಿಯಾಯಿತು.

"ತಗೊಂಡಿದ್ದೆ. ತಪ್ಪ್ ಮಾಡಿದೆ. ಇವತ್ತ ಬ್ಯಾಡ."

ಶಶಿಕಾಂತ್ ಬ್ಯಾಟನ್ನು ತೊಡೆಗೆ ತಟ್ಟಿಕೊಳ್ಳುತ್ತ ಅವಳನ್ನೇ ನೋಡಿದ. "ಏನಾತ ಸಿದ್ದಿ? ಮನ್ಯಾಗ ಹೇಳಬಾರದಿತ್ತ?" ಎಂದು ಮೆಲ್ಲಗೆ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿದ್ದಂತಿತ್ತು. ಅವಳು ಹೋಗಿ ತಾನೇ ರಟ್ಟನ್ನು ಸೊನ್ನೆಗೆ ತಿರುವಿದಳು. ದುಪಟ್ಟಾ ತೆಗೆದು ನಮ್ರತಾಳ ಕೈಗೆ ಕೊಟ್ಟಳು. ಕೈಯಲ್ಲಿ ಚೆಂಡು ಹಿಡಿದಾಗ ಧಾರವಾಡದ ಹಳೆಯ ಆಟದ ಕೋಣೆಯ ಸುಣ್ಣದ ವಾಸನೆ ಮೂಗಿಗೆ ಬಂದಂತಾಯಿತು. ಇವತ್ತು ಯಾವ ಲೆಕ್ಕಾಚಾರವೂ ಇಲ್ಲ. ಎಂಟು ವರ್ಷ ಒಳಗಿಟ್ಟದ್ದನ್ನೆಲ್ಲ ಹೊರಗೆ ತೆಗೆಯುತ್ತೇನೆ, ನೋಡುವವರು ನೋಡಲಿ.

ತೆಗೆಯಲು ಹೋದರೆ ಅಲ್ಲಿ ಏನೂ ಇರಲಿಲ್ಲ. ಮೊದಲ ಸರ್ವಿಸು ನೆಟ್ಟಿಗೆ ಬಿತ್ತು. ಸರಿ, ಕೈ ಕಾಯಬೇಕು ಎಂದುಕೊಂಡಳು. ಎಡಗೈ ಕಡೆಗೆ ಬಂದ ಚೆಂಡನ್ನು ಮಣಿಕಟ್ಟು ತಿರುವಿ ಮೂಲೆಗೆ ಹೊಡೆಯುವುದು ಅವಳ ಹೆಸರಾಂತ ಹೊಡೆತ. ಹೊಡೆದಳು, ಚೆಂಡು ಟೇಬಲ್ಲನ್ನೇ ಮುಟ್ಟದೆ ಕೇಶವಮೂರ್ತಿಯವರ ಕೋಣೆಯ ತನಕ ಹೋಯಿತು. ಮತ್ತೆ ಹೊಡೆದಳು, ಮತ್ತೆ ಅದೇ. ಚೆಂಡು ಎಲ್ಲಿ ಬೀಳುತ್ತದೆಂದು ಕಣ್ಣಿಗೆ ಮೊದಲೇ ತಿಳಿಯುತ್ತಿತ್ತು, ಆದರೆ ಕಾಲು ಒಂದು ಕ್ಷಣ ತಡವಾಗಿ ಹೋಗುತ್ತಿತ್ತು. ಎಂಟು ವರ್ಷ ಆ ಕಾಲಿಗೆ ಅವಳು ಕಲಿಸಿದ್ದು ತಡವಾಗಿ ಹೋಗುವುದನ್ನೇ. ಎದುರಿಗಿದ್ದವನು ಮಾತ್ರ ಎಂಟು ವರ್ಷ ಗೆಲ್ಲಲೆಂದೇ ಆಡಿ ಆಡಿ ಪಳಗಿದ್ದ. ಫೈನಲ್ಲಿಗೆ ಮಾತ್ರ ಮೂರು ಆಟ, ಮೊದಲನೆಯದು ಇಪ್ಪತ್ತೊಂದು-ಹನ್ನೆರಡಕ್ಕೆ ಮುಗಿಯಿತು. ಐದು ತೆಗೆದುಕೊಂಡಿದ್ದರೂ ಸೋಲುತ್ತಿದ್ದಳು. ಹೆಂಗಸರ ಸಾಲಿನಲ್ಲಿ ಯಾರೋ ಚ್ಚು ಚ್ಚು ಎಂದರು. ಆ ಶಬ್ದ ಅವಳ ಕುತ್ತಿಗೆಯ ಹಿಂಭಾಗಕ್ಕೆ ತಾಗಿತು.

ನೀರಿಗೆಂದು ಟೀವಿಯ ಕೋಣೆಗೆ ಹೋದವಳು ಬಾಟಲಿ ಹಿಡಿದು ಅಲ್ಲೇ ನಿಂತಳು. ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯದೆ ಪರದೆ ನೋಡತೊಡಗಿದಳು. ಬಿಟ್ಟುಕೊಟ್ಟೆ ಬಿಟ್ಟುಕೊಟ್ಟೆ ಎಂದು ಇಷ್ಟು ವರ್ಷ ಎದೆಯುಬ್ಬಿಸಿಕೊಂಡಿದ್ದಳಲ್ಲ, ಬಿಟ್ಟುಕೊಡಲು ತನ್ನ ಹತ್ತಿರ ಏನಾದರೂ ಉಳಿದಿತ್ತೆ? ಯಾವ ವರ್ಷ ಅದು ಖಾಲಿಯಾಯಿತು? ಇಪ್ಪತ್ತೊಂದು-ಹತ್ತೊಂಬತ್ತರ ಸೋಲುಗಳಲ್ಲಿ ಎಲ್ಲಿಯತನಕ ನಟನೆ, ಎಲ್ಲಿಂದ ನಿಜ? ಪರದೆಯ ಮೇಲೆ ಅಟ್ಲಾಂಟಾ ಬಹಳ ಮುಂದಿತ್ತು. ಆದರೂ ಅದರ ಆಟಗಾರರು ಮತ್ತೆ ಮತ್ತೆ ಬಂದು ಕೆರೊಲಿನಾದವರ ಮೇಲೆ ಬೀಳುತ್ತಿದ್ದರು. "ಇಷ್ಟ್ ಮುಂದಿದ್ರೂ ಬಿಡಲ್ವಲ್ರೀ! ಸ್ವಲ್ಪನಾದ್ರೂ ಕರುಣೆ ಬೇಡ್ವಾ?" ಎಂದರು ಕೇಶವಮೂರ್ತಿ. ಸಿದ್ದೇಶ್ವರಿ ಅವರ ಕಡೆ ತಿರುಗಿದಳು, ಇಷ್ಟು ಹೊತ್ತು ತಡೆದ ಮಾತು ಹೊರಗೆ ಬಂತು. "ಆಟ ಶುರು ಆದ ಮ್ಯಾಲೆ ಯಾಕ ಬಿಡಬೇಕ್ರಿ? ಸಮಾ ಮಾಡೂದೆಲ್ಲಾ ಸೀಟಿ ಊದೂಕಿಂತ ಮೊದಲ. ಊದಿದ ಮ್ಯಾಲೆ ಯಾರೂ ಯಾರಿಗೂ ಒಂದ್ ಗಜಾನೂ ಬಿಡಂಗಿಲ್ಲ. ಬಿಟ್ರ ಅದು ಅವ್ರಿಗೆ ಮಾಡೂ ಅವಮಾನ." ಕೇಶವಮೂರ್ತಿ ಗಿರ್ಮಿಟ್ ಬಾಯಿಗೆ ಹಾಕಿಕೊಳ್ಳುವುದನ್ನು ಮರೆತು ಅವಳನ್ನು ನೋಡಿದರು. ಅವಳಿಗೂ ತನ್ನ ಮಾತು ಹೊಸದಾಗಿ ಕೇಳಿಸಿತ್ತು. ಇಷ್ಟು ವರ್ಷ ಆ ಲೀಗನ್ನು ಅಳೆದು ತೂಗಿದವಳು ಇದೊಂದನ್ನು ತಲೆಕೆಳಗಾಗಿ ಹಿಡಿದಿದ್ದಳು. ಸೀಟಿಗೆ ಮೊದಲು ಸಮ ಮಾಡಬೇಕಾದದ್ದು ಎಷ್ಟೋ ಇತ್ತು: ಯಾರ ಕೆಲಸಕ್ಕಾಗಿ ಊರು ಬಿಡುವುದು, ಫೈನಲ್ಲಿನ ಬೆಳಿಗ್ಗೆ ಉಳ್ಳಾಗಡ್ಡಿ ಯಾರು ಹೆಚ್ಚುವುದು. ಅಲ್ಲೆಲ್ಲ ಬಾಯಿ ಬಿಡದೆ ಆಟದೊಳಗೆ ಹೋಗಿ ಕರುಣೆ ತೋರಿಸಿದ್ದಳು. ಆ ಮಾತುಗಳನ್ನು ಮನೆಯಲ್ಲಿ ಆಡಬೇಕು, ಇವತ್ತೇ ಆಡಬೇಕು. ಇಲ್ಲಿ ಈಗ ಇನ್ನೊಂದು ಆಟವಿದೆ. ಬಾಟಲಿಯ ನೀರನ್ನು ಪೂರ್ತಿ ಕುಡಿದು ಒಳಗೆ ಹೋದಳು.

ಎರಡನೆಯ ಆಟವೂ ಅದೇ ದಾರಿ ಹಿಡಿಯಿತು. ಆದರೆ ಈ ಸಲ ಅವಳು ಹಳೆಯ ಸಿದ್ದೇಶ್ವರಿಯನ್ನು ಕರೆಯಲು ಹೋಗಲಿಲ್ಲ. ಇರುವ ಕೈ, ಇರುವ ಕಾಲು ಇಷ್ಟೇ ಎಂದುಕೊಂಡು ಆಡಿದಳು. ಸೋತ ಒಂದೊಂದು ಪಾಯಿಂಟಿಗೂ ಓಡಿದಳು. ಒಂದು ಸಲ ಟೇಬಲ್ಲಿನ ಮೂಲೆ ಸೊಂಟಕ್ಕೆ ಬಡಿಯಿತು. ಹದಿನಾರು-ಆರಾಗಿತ್ತು. ಸರ್ವಿಸು ಶಶಿಕಾಂತನದು. ಅವನ ಚೆಂಡು ತುಸು ನಿಧಾನವಾಗಿ ಬಂದಿತು, ಅವಳು ಬಾರಿಸಿದಳು, ಪಾಯಿಂಟ್. ಕುರ್ಚಿಗಳಲ್ಲಿ ಹುಯಿಲೆದ್ದಿತು. ಮತ್ತೊಂದು ಬಂದಿತು, ಮತ್ತೆ ಬಾರಿಸಿದಳು. "ಆಂಟೀ!" ಎಂದು ಅವಿನಾಶ್ ಕೂಗಿದ. ಕೈ ಮರಳಿ ಬಂತು ಎಂದು ಅವಳ ಎದೆ ಕುಣಿಯಿತು, ನಮ್ರತಾಳ ಕಡೆಗೊಮ್ಮೆ ನೋಡಿ ನಕ್ಕಳು. ಮೂರನೆಯದು ಬಂದಾಗ ಅವಳ ಕಣ್ಣು ಚೆಂಡಿನ ಮೇಲಿರಲಿಲ್ಲ, ಅವನ ಮುಖದ ಮೇಲಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ. ಚೆಂಡು ಎಷ್ಟೆತ್ತರಕ್ಕೆ ಪುಟಿಯುತ್ತದೆಂದು ನೋಡುತ್ತಿದ್ದ, ಸಾರಿಗೆ ಉಪ್ಪು ಸರಿಯಾಯಿತೇ ಎಂದು ನೋಡುವವರ ಹಾಗೆ. ಚೆಂಡು ಬಂದಿತು. ಬಲಗಡೆಗೆ, ಎದೆಯೆತ್ತರಕ್ಕೆ, ತಿರುವಿಲ್ಲದೆ.

ಅವಳು ಬ್ಯಾಟು ಎತ್ತಲಿಲ್ಲ. ಎಡಗೈ ಚಾಚಿ ಚೆಂಡನ್ನು ಗಾಳಿಯಲ್ಲೇ ಹಿಡಿದುಕೊಂಡಳು.

"ಏನಾಯ್ತಮ್ಮಾ?" ಎಂದರು ಸೂರ್ಯನಾರಾಯಣ.

ಅವಳು ಟೇಬಲ್ಲಿನ ಪಕ್ಕಕ್ಕೆ ಹೋದಳು. ಶಶಿಕಾಂತನೂ ಬಂದ. ಇಬ್ಬರ ನಡುವೆ ನೆಟ್ಟಿನ ಕಂಬವಿತ್ತು. "ಬೇಕಂತ ಬಿಟ್ರಿ," ಎಂದಳು, ಅವನಿಗಷ್ಟೇ ಕೇಳುವಂತೆ.

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನೀ ಎಂಟು ವರ್ಷ ಬಿಟ್ಟೀದಿ," ಎಂದ. "ನಾ ಎರಡ್ ಮೂರ್ ಬಿಟ್ರ ಏನಾತು?"

ಟೀವಿಯ ಕೋಣೆಯಲ್ಲಿ ಯಾರೋ ಕೂಗಿದರು. ಸಿದ್ದೇಶ್ವರಿಗೆ ಅದು ದೂರದಿಂದ ಕೇಳಿದಂತಾಯಿತು. "ಗೊತ್ತಿತ್ತೇನ ನಿಮಗ?"

"ಕಾಲೇಜ್ ಪಾರ್ಕಿನಿಂದನೂ ಗೊತ್ತಿತ್ತು. ಮೊದಲ ಖುಷಿ ಆಗ್ತಿತ್ತು. ಆಮ್ಯಾಲೆ ನಾಚಿಕಿ. ಆಮ್ಯಾಲೆ ರೂಢಿ ಆತು." ಅವನು ಬ್ಯಾಟಿನ ಅಂಚು ಕೆರೆಯುತ್ತಿದ್ದ. "ತಿರುಗಿ ಹೆಂಗ ಕೊಡಬೇಕೋ ತ್ವಾಚಲಿಲ್ಲ. ಅದಕ್ಕ ಐದು ಅಂದೆ."

ಹತ್ತೊಂಬತ್ತಕ್ಕೆ ಹತ್ತೊಂಬತ್ತಾದಾಗಿನ ಆ ನಗು, ಈಗೇನ್ ಮಾಡ್ತಿ ಎಂಬ ಆ ಪ್ರಶ್ನೆ, ಎಲ್ಲ ಒಟ್ಟಿಗೆ ಬಂದು ಅವಳ ಮುಖಕ್ಕೆ ರಾಚಿದವು. ಅವನು ಪ್ರತಿ ಸಲ ನಿಜವಾಗಿಯೇ ಕೇಳುತ್ತಿದ್ದ, ಅವಳು ಪ್ರತಿ ಸಲ ಬಿಟ್ಟುಕೊಡುತ್ತಿದ್ದಳು. ಗುಟ್ಟು ಎಂದುಕೊಂಡದ್ದು ಗುಟ್ಟಾಗಿರಲಿಲ್ಲ, ಉಪಕಾರ ಎಂದುಕೊಂಡದ್ದು ಅವನನ್ನು ಎಂಟು ವರ್ಷ ಒಳಗೇ ಸಣ್ಣವನನ್ನಾಗಿ ಮಾಡಿತ್ತು. ಅವನ ಬೆನ್ನ ಮೇಲೆ ಬಿದ್ದ ಚೆಂಡಿಗೆ ತಾನೂ ಔಟಲ್ಲ, ಔಟಲ್ಲ ಎನ್ನುತ್ತ ಬಂದಿದ್ದಳು. ಅಳು ಬಂತು. ಈ ಸಲ ಉಳ್ಳಾಗಡ್ಡಿ ಇರಲಿಲ್ಲ.

"ಹೌದ್ರಿ, ಬಿಟ್ಟೀನಿ," ಎಂದಳು. "ನಂದ ತಪ್ಪು. ಇನ್ನ ಬಿಡಂಗಿಲ್ಲ. ನೀವೂ ಬಿಡಬ್ಯಾಡ್ರಿ. ಆಡ್ರಿ."

"ಸೋಲ್ತಿ."

"ಸೋಲ್ತೀನಿ. ಸೋಲಿಸ್ರಿ. ಮುಂದಿನ ವಾರನೂ ಸೋಲಿಸ್ರಿ. ಒಂದಿನಾ ನಿಮ್ಮನ್ನ ಖರೇನ ಹೊಡೀತೀನಿ, ಅವತ್ತ ಊಟಾ ಬಿಡಂಗಿಲ್ಲ ಮತ್ತ."

ಅವನು ಅವಳನ್ನು ನೋಡಿದ. ಆ ರಾತ್ರಿಯ ನೆನಪು ಅವನಿಗೂ ಇತ್ತೆಂಬುದು ಮುಖದಲ್ಲಿ ಕಂಡಿತು. ತಲೆಯಾಡಿಸಿ ತನ್ನ ಬದಿಗೆ ಹೋದ. ಅವಳು ಸೂರ್ಯನಾರಾಯಣ ಅವರ ಕಡೆ ತಿರುಗಿ, "ಹಿಂದಿನ ಎರಡೂ ಪಾಯಿಂಟ್ ನನ್ನವಲ್ರಿ. ಹದಿನಾರು, ಆರು ಮಾಡ್ರಿ," ಎಂದಳು. ಅವರು ಏನೂ ಅರ್ಥವಾಗದೆ ಶಶಿಕಾಂತನನ್ನು ನೋಡಿದರು. "ಆಕಿ ಹೇಳಿದ್ದ ಖರೆ," ಎಂದ ಅವನು. ರಟ್ಟು ಎಂಟರಿಂದ ಹಿಂದೆ ಹೋಗಿ ಆರಕ್ಕೆ ನಿಂತಿತು. ವರಲಕ್ಷ್ಮಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಸಿದ್ದೇಶ್ವರಿ ಚೆಂಡನ್ನು ಅವನ ಕಡೆಗೆ ಉರುಳಿಸಿ, ಬಗ್ಗಿ, ಕಾಲು ಅಗಲಿಸಿ ನಿಂತಳು.

ಅವನು ಚೆಂಡನ್ನು ಅಂಗೈಯಲ್ಲಿಟ್ಟು ಒಂದು ಕ್ಷಣ ತಡೆದ. ಆಮೇಲೆ ಹೊಡೆದ. ಅಂಥ ಸರ್ವಿಸು ಅವಳು ಅವನಿಂದ ಕಂಡೇ ಇರಲಿಲ್ಲ. ಚೆಂಡು ಟೇಬಲ್ಲಿಗೆ ತಾಗಿದ್ದೇ ಬೇರೆ ದಿಕ್ಕಿಗೆ ತಿರುಗಿ, ಅವಳು ಚಾಚಿದ ಬ್ಯಾಟಿನಾಚೆಗೆ ಹಾರಿ, ಭುಜಕ್ಕೆ ಚುರುಕ್ಕೆಂದು ತಾಗಿ, ಕುರ್ಚಿಗಳ ಕೆಳಗೆ ಓಡಿಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೂರ್ಯನಾರಾಯಣ ರಟ್ಟು ತಿರುವಲು ಅನುಮಾನಿಸುತ್ತಿದ್ದರು. ಇದನ್ನು ಎಣಿಸಬೇಕೋ ಬೇಡವೋ ಎಂಬಂತೆ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಅವಳು ಮಂಡಿಯೂರಿ ನಮ್ರತಾಳ ಕುರ್ಚಿಯ ಕೆಳಗಿನಿಂದ ಚೆಂಡು ತೆಗೆದಳು.

"ಅಮ್ಮಾ, ಆರ್ ಯು ಲೂಸಿಂಗ್?" ಎಂದು ಹುಡುಗಿ ಪಿಸುಗುಟ್ಟಿದಳು.

"ಹೂಂ," ಎಂದಳು ಸಿದ್ದೇಶ್ವರಿ. ಭುಜ ಚುರುಗುಡುತ್ತಿತ್ತು. ಎದ್ದು ನಿಂತು ಚೆಂಡನ್ನು ಗಂಡನ ಕಡೆಗೆ ಎಸೆದಳು. "ಹದಿನೇಳು, ಆರು," ಎಂದು ಟೀವಿಯ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ತಾನೇ ಹೇಳಿ, ಮತ್ತೆ ಬಗ್ಗಿ ನಿಂತಳು.